ಸೋನಿಕ್ ಫ್ಯಾನ್ ಗೇಮ್: ಗೊಡೋದಲ್ಲಿ ಮಾಡೋದಾ, ಸ್ವಂತ ಎಂಜಿನ್ ಬರೆಯೋದಾ?

ಸ್ಪ್ರೈಟ್‌ಶೀಟ್

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳೆಯ ಸೇರಿ 2ಡಿ ಸೋನಿಕ್ ಫ್ಯಾನ್ ಗೇಮ್ ಒಂದನ್ನು, ಅಂದರೆ ಸೇಗಾ ಕಂಪನಿಯ ಸೋನಿಕ್ ಪಾತ್ರ ಇಟ್ಟುಕೊಂಡು ಅಭಿಮಾನಿಗಳೇ ಮಾಡುವ ಆಟವನ್ನು, ಮಾಡಬೇಕು ಅಂತಿದ್ದೇವೆ. ಅವನು ಏಸ್‌ಪ್ರೈಟ್ ಅನ್ನುವ ಪಿಕ್ಸೆಲ್ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಚಿತ್ರ ಬಿಡಿಸುತ್ತಾನೆ, ಕೋಡ್ ನನ್ನ ಪಾಲು. ಸೇಗಾದ ಹಳೆಯ ಗೇಮ್ ಯಂತ್ರ ಮೆಗಾ ಡ್ರೈವ್ ಕಾಲದ ಸೋನಿಕ್ ಹೇಗೆ ಓಡುತ್ತಿತ್ತೋ ಹಾಗೇ ಓಡಬೇಕು. ಇಳಿಜಾರಿನಲ್ಲಿ ಉರುಳಿದರೆ ವೇಗ ಏರಬೇಕು. ಲೂಪ್‌ನಲ್ಲಿ ತಲೆಕೆಳಗಾಗಿ ಓಡಬೇಕು. ಜೊತೆಗೆ ಪಾತ್ರಗಳು ಕನ್ನಡದಲ್ಲಿ ಮಾತಾಡಬೇಕು, ಅದೂ ಕನ್ನಡ ಲಿಪಿಯಲ್ಲೇ.

ನನಗೆ ಸಿ ಪ್ಲಸ್ ಪ್ಲಸ್ ಚೆನ್ನಾಗಿ ಬರುತ್ತದೆ. ಚಿತ್ರ, ಸದ್ದು, ಬಟನ್ ನೋಡಿಕೊಳ್ಳುವ ಎಸ್‌ಡಿಎಲ್ ಲೈಬ್ರರಿ ಇಟ್ಟುಕೊಂಡು ಎಂಜಿನ್, ಅಂದರೆ ಆಟ ಓಡಿಸುವ ಅಡಿಪಾಯದ ಕೋಡ್, ನಾನೇ ಬರೆಯಬೇಕು ಅನ್ನೋದು ನನ್ನ ಆಸೆ. ಒಳಗೆ ಏನು ನಡೆಯುತ್ತಿದೆ ಅಂತ ಪೂರ್ತಿ ಗೊತ್ತಿರುತ್ತದೆ, ಯಾರ ಹಂಗೂ ಇರೋದಿಲ್ಲ. ಗೆಳೆಯ ಒಪ್ಪುತ್ತಿಲ್ಲ. ಗೊಡೋ ಅಥವಾ ಗೇಮ್‌ಮೇಕರ್ ಥರದ ರೆಡಿ ಎಂಜಿನ್ ತಗೊಂಡರೆ ಅವನು ಬಿಡಿಸಿದ್ದನ್ನು ಅವತ್ತೇ ಲೆವೆಲ್‌ನಲ್ಲಿ ಇಟ್ಟು ನೋಡಬಹುದು ಅನ್ನುತ್ತಾನೆ. ಅವನ ಮಾತಲ್ಲೂ ಅರ್ಥ ಇದೆ.

ಮುಂದೆ ಯಾವತ್ತಾದರೂ ಸೋನಿಕ್ ಅಮೆಚೂರ್ ಗೇಮ್ಸ್ ಎಕ್ಸ್‌ಪೋದಲ್ಲಿ ಡೆಮೊ ಹಾಕುವ ಕನಸಿದೆ. ಫ್ಯಾನ್ ಗೇಮ್ ಮಾಡಿದವರು, ಮಾಡುತ್ತಿರುವವರು ದಯವಿಟ್ಟು ಹೇಳಿ. ಯಾವ ದಾರಿ ಹಿಡಿಯೋದು?

ಹಳೇಕಾರ್ಟ್ರಿಜ್

ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ನೋಡೋಣ. ಸೋನಿಕ್ ಆಟದಲ್ಲಿ ಯಾವ ರೆಡಿ ಎಂಜಿನ್ನೂ ನಿಮಗೆ ಕೊಡದೇ ಇರೋದು ಯಾವುದು? ಅದನ್ನಷ್ಟೇ ನೀವು ಬರೆಯಬೇಕು. ಸೋನಿಕ್‌ನಲ್ಲಿ ಅದು ಪಾತ್ರದ ಓಟ. ಪರದೆ ಮೇಲೆ ಚಿತ್ರ ತರೋದು, ಸದ್ದು, ಜಾಯ್‌ಸ್ಟಿಕ್, ಮೆನು, ಸೇವ್, ವಿಂಡೋಸ್‌ಗೊಂದು ಲಿನಕ್ಸ್‌ಗೊಂದು ಬಿಲ್ಡ್ ತೆಗೆಯೋದು, ಇದೆಲ್ಲ ಬೇರೆಯವರು ಆಗಲೇ ಬರೆದು, ಪರೀಕ್ಷೆ ಮಾಡಿ ಇಟ್ಟಿದ್ದಾರೆ.

ಓಟದ ವಿಷಯಕ್ಕೆ ಬನ್ನಿ. ಗೊಡೋದಲ್ಲಿ ಪಾತ್ರ ನಡೆಸಲು ಇರುವ ಕ್ಯಾರೆಕ್ಟರ್‌ಬಾಡಿ2ಡಿ ತಗೊಂಡು ಅದರ ಮೂವ್ ಅಂಡ್ ಸ್ಲೈಡ್ ಫಂಕ್ಷನ್ ಕರೆದರೆ ಸೋನಿಕ್ ಬರೋದಿಲ್ಲ. ಅದರ ಡೀಫಾಲ್ಟ್ ಲೆಕ್ಕದಲ್ಲಿ ನೆಲ ಅಂದರೆ 45 ಡಿಗ್ರಿವರೆಗಿನ ಇಳಿಜಾರು. ಅದಕ್ಕಿಂತ ಕಡಿದಾಗಿದ್ದರೆ ಗೋಡೆ. ಲೂಪ್ ಅರ್ಧ ಹತ್ತುವ ಮೊದಲೇ ಅದು ಗೋಡೆಯಾಗಿ ಎದುರು ನಿಲ್ಲುತ್ತದೆ. ಬಾಕ್ಸ್2ಡಿ ಥರದ ರೆಡಿ ಫಿಸಿಕ್ಸ್ ಲೈಬ್ರರಿ ಹಾಕಿದರೆ ಇನ್ನೂ ಕಷ್ಟ. ಸೋನಿಕ್ ಉರುಳುವ ಚೆಂಡಿನ ಹಾಗೆ ಕಾಣುತ್ತಾನೆ, ಆದರೆ ಚೆಂಡಿನ ಲೆಕ್ಕದಲ್ಲಿ ಚಲಿಸೋದಿಲ್ಲ.

ಹಳೆಯ ಆಟದಲ್ಲಿ ನೆಲದ ಮೇಲಿದ್ದಾಗ ಇರೋದು ಒಂದೇ ವೇಗ, ಮೇಲ್ಮೈಗುಂಟ ಹೋಗುವ ವೇಗ. ನೆಲದ ಕೋನ ನೋಡಿ ಅದನ್ನು ಅಡ್ಡ ಮತ್ತು ಉದ್ದ ವೇಗಗಳಾಗಿ ಒಡೆಯುತ್ತಾರೆ. ಕಾಲ ಬುಡದಲ್ಲಿ ಎರಡು ಸೆನ್ಸರ್, ಅಂದರೆ ನೆಲ ಎಷ್ಟು ದೂರ ಅಂತ ನೋಡುವ ಬಿಂದುಗಳು. ನಿಂತಿದ್ದಾಗ ನಡುವಿನಿಂದ ಆಚೆ ಈಚೆ 9 ಪಿಕ್ಸೆಲ್, ಕೆಳಕ್ಕೆ 19. ಉರುಳುವಾಗ 7 ಮತ್ತು 14. ನೆಲದ ಕೋನ 45 ದಾಟಿದ ಕೂಡಲೇ ಈ ಸೆನ್ಸರ್‌ಗಳ ಇಡೀ ಚೌಕಟ್ಟನ್ನೇ 90 ಡಿಗ್ರಿ ತಿರುಗಿಸುತ್ತಾರೆ. ಆಗ ಗೋಡೆಯೇ ನೆಲ. ಕಡಿದಾದ ಜಾಗದಲ್ಲಿ ವೇಗ ಫ್ರೇಮ್‌ಗೆ 2.5 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಕಾಲು ಬಿಟ್ಟುಹೋಗುತ್ತದೆ, 30 ಫ್ರೇಮ್ ಕಾಲ ಎಡ ಬಲ ಒತ್ತಿದರೂ ಕೇಳೋದಿಲ್ಲ. ಲೂಪ್ ಹತ್ತಲಾಗದೆ ವಾಪಸ್ ಜಾರುವಾಗ ಆಗುವ ಅಸಹಾಯಕತೆ ಇದೆಯಲ್ಲ, ಅದು ಬರೋದೇ ಈ 30 ಫ್ರೇಮ್‌ನಿಂದ.

ಸಂಖ್ಯೆಗಳೂ ನೋಡಿ. ಓಡುವಾಗ ಪ್ರತಿ ಫ್ರೇಮ್‌ಗೆ ಸೇರುವ ವೇಗ 0.046875 ಪಿಕ್ಸೆಲ್. ಗುರುತ್ವ 0.21875. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆ ಆಟ ಒಂದು ಪಿಕ್ಸೆಲ್ ಅನ್ನು 256 ಭಾಗ ಮಾಡಿ ಲೆಕ್ಕ ಹಾಕುತ್ತಿತ್ತು. ಒಂದು 12/256, ಇನ್ನೊಂದು 56/256. ಜಿಗಿತ 6.5. ಇದನ್ನೆಲ್ಲ ಅಭಿಮಾನಿಗಳು ಸೋನಿಕ್ ರೆಟ್ರೋ ತಾಣದ ಫಿಸಿಕ್ಸ್ ಗೈಡ್‌ನಲ್ಲಿ ಚಿತ್ರಸಮೇತ ಬರೆದಿಟ್ಟಿದ್ದಾರೆ. ಅಷ್ಟನ್ನೂ ನೀವು ಗೊಡೋದೊಳಗೇ, ಅದರ ಫಿಸಿಕ್ಸ್ ಮುಟ್ಟದೆ, ಬರಿ ರೇಕಾಸ್ಟ್ (ಗೆರೆಯೊಂದನ್ನು ಎಳೆದು ಅದು ಎಲ್ಲಿ ತಾಗುತ್ತದೆ ಅಂತ ನೋಡೋದು) ಬಳಸಿ ಬರೆಯಬಹುದು. ಒಂದೆರಡು ಫೈಲ್ ಸಾಕು.

ರೊಟ್ಟಿ ಮಾಡೋಕೆ ಹಂಚನ್ನೂ ನಾವೇ ಎರಕ ಹೊಯ್ಯಬೇಕಿಲ್ಲ. ಹಿಟ್ಟು ಮಾತ್ರ ನಾವೇ ನಾದಬೇಕು. ನನ್ನ ಮತ ಗೊಡೋಗೆ.

ಬೈಟ್‌ಬುಟ್ಟಿ

ಹಳೇಕಾರ್ಟ್ರಿಜ್ ಸರ್ ಹೇಳಿದ ಓಟದ ಲೆಕ್ಕ ಸರಿ. ಆದರೆ ಅದೇ ಲೆಕ್ಕ ಸ್ವಂತ ಎಂಜಿನ್ ಪರವಾಗಿಯೂ ಇದೆ ಅಂತ ನನಗೆ ಅನ್ನಿಸುತ್ತದೆ. ಎಂಜಿನ್‌ನ ಫಿಸಿಕ್ಸ್ ಬೇಡ, ಅದರ ಡಿಕ್ಕಿಯ ಲೆಕ್ಕ ಬೇಡ ಅಂದ ಮೇಲೆ ಉಳಿದದ್ದೇನು? ಚಿತ್ರ ತೋರಿಸೋದು, ಸದ್ದು ಬಿಡೋದು. ಅಷ್ಟನ್ನು ಎಸ್‌ಡಿಎಲ್ ಮಾಡುತ್ತದೆ.

ಇನ್ನು ರೆಡಿ ಸಾಧನ ಅಂದರೆ ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇದ್ದ ಲೆಕ್ಕ ಅನ್ನೋದನ್ನು ಮರೆಯಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಅನ್ನುವ ಎಂಜಿನ್‌ನ ಕಂಪನಿ ಏನು ಮಾಡಿತು ನೆನಪಿದೆ ತಾನೇ? ಇನ್‌ಸ್ಟಾಲ್ ಲೆಕ್ಕದಲ್ಲಿ ರನ್‌ಟೈಮ್ ಶುಲ್ಕ ಅಂತ ಘೋಷಿಸಿತು. ಗಲಾಟೆ ಎದ್ದು ಒಂದು ವರ್ಷದ ನಂತರ ಕೈಬಿಟ್ಟಿತು. ದುಡ್ಡು ಮಾಡದ ಫ್ಯಾನ್ ಗೇಮ್‌ಗೆ ಆ ಶುಲ್ಕ ತಾಗುತ್ತಿರಲಿಲ್ಲ, ನಿಜ. ಆದರೆ ನಿಯಮ ನಡುವೆಯೇ ಬದಲಾಗಬಹುದು ಅಂತ ಎಲ್ಲರಿಗೂ ಗೊತ್ತಾಯಿತು.

ಫೈಟಿಂಗ್ ಗೇಮ್ ಮಾಡುವವರ ಮುಗೆನ್ ತಗೊಳ್ಳಿ. 1999ರಿಂದ ಇರುವ ಎಂಜಿನ್. ಲೆಕ್ಕವಿಲ್ಲದಷ್ಟು ಪಾತ್ರಗಳನ್ನು ಅಭಿಮಾನಿಗಳು ಅದಕ್ಕಾಗಿ ಮಾಡಿದ್ದಾರೆ. ಅದರ ಸೋರ್ಸ್ ಮಾತ್ರ ಯಾರಿಗೂ ಸಿಗಲಿಲ್ಲ. ಮಾಡಿದ ಎಲೆಕ್‌ಬೈಟ್ ತಂಡ ಮಧ್ಯೆ ವರ್ಷಗಟ್ಟಲೆ ಕಾಣೆಯಾಯಿತು. ಕೊನೆಗೆ ಬೇರೆಯವರು ಕೂತು, ಮುಗೆನ್ ಪಾತ್ರಗಳನ್ನೇ ಓಡಿಸಬಲ್ಲ ಇಕೆಮೆನ್ ಗೋ ಅನ್ನುವ ತೆರೆದ ಎಂಜಿನ್ ಅನ್ನು ಹೊಸದಾಗಿ ಬರೆಯಬೇಕಾಯಿತು.

ಸ್ವಂತ ಎಂಜಿನ್ ಬರೆದವರು ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಸೋನಿಕ್ ಲೋಕದಲ್ಲೇ ಉದಾಹರಣೆ ಇದೆ. ಕ್ರಿಶ್ಚಿಯನ್ ವೈಟ್‌ಹೆಡ್. ಅಭಿಮಾನಿಯಾಗಿದ್ದವರು ತಮ್ಮ ರೆಟ್ರೋ ಎಂಜಿನ್ ಇಟ್ಟುಕೊಂಡು 2009ರಲ್ಲಿ ಸೋನಿಕ್ ಸಿಡಿ ಐಫೋನ್‌ನಲ್ಲಿ ಓಡೋದನ್ನು ತೋರಿಸಿದರು. ಸೇಗಾ ಅವರನ್ನೇ ಕರೆದು 2011ರಲ್ಲಿ ಅಧಿಕೃತವಾಗಿ ಹೊರತಂದಿತು. 2017ರ ಸೋನಿಕ್ ಮೇನಿಯಾ ಕೂಡ ಅದೇ ಎಂಜಿನ್. ಸಿದ್ಧ ಸಾಧನ ಹಿಡಿದಿದ್ದರೆ ಇದಾಗುತ್ತಿತ್ತಾ?

ಕೋಡ್ ಬರೆಯುವ ಆಸೆ ಇರುವ ಹುಡುಗನಿಗೆ ಬೇಡ ಅನ್ನಬೇಡಿ ಅಂತಷ್ಟೇ ನನ್ನ ಮನವಿ.

ಹಳೇಕಾರ್ಟ್ರಿಜ್

> ಸಿದ್ಧ ಸಾಧನ ಹಿಡಿದಿದ್ದರೆ ಇದಾಗುತ್ತಿತ್ತಾ?

ಒಳ್ಳೆಯ ಪ್ರಶ್ನೆ. ಆದರೆ ಯಾವುದು ಮೊದಲು ಹುಟ್ಟಿತು ಅಂತ ನೋಡಿ. ರೆಟ್ರೋ ಎಂಜಿನ್ ಬೆಳೆದದ್ದು ರೆಟ್ರೋ ಸೋನಿಕ್ ಅನ್ನುವ ಫ್ಯಾನ್ ಗೇಮ್‌ನಿಂದ. ಆಟ ಇತ್ತು, ಅದಕ್ಕೆ ಏನು ಬೇಕು ಅಂತ ಗೊತ್ತಿತ್ತು. ಎಂಜಿನ್ ಆ ಅಗತ್ಯದ ಬೆನ್ನಿಗೆ ಬಂತು.

ನನಗೆ ಇನ್ನೂ ಇಷ್ಟವಾದ ಉದಾಹರಣೆ ಸೋಲಾರಸ್ ಅನ್ನುವ ಎಂಜಿನ್. ಫ್ರಾನ್ಸ್‌ನ ಜೆಲ್ಡಾ ಅಭಿಮಾನಿಗಳು ಮಾಡಿದ್ದು. ಮೊದಲ ಆಟವನ್ನು ಆರ್‌ಪಿಜಿ ಮೇಕರ್ ಅನ್ನುವ ರೆಡಿ ಸಾಧನದಲ್ಲೇ ಮುಗಿಸಿದರು. ಮುಗಿಸಿದ್ದರಿಂದಲೇ ಆ ಸಾಧನ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ತಿಳಿಯಿತು. ಜೆಲ್ಡಾದಲ್ಲಿ ಕತ್ತಿ ಬೀಸುವ, ಪೊದೆ ಎತ್ತುವ, ಓರೆಯಾಗಿ ಜಾರುವ ಚಲನೆ ಬೇಕು. ಚೌಕದಿಂದ ಚೌಕಕ್ಕೆ ನಡೆಯುವ ಆರ್‌ಪಿಜಿ ಮೇಕರ್‌ಗೆ ಅದು ಒಗ್ಗೋದಿಲ್ಲ. ಆಮೇಲೆ ಅದೇ ಆಟವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಸ್ವಂತ ಎಂಜಿನ್ ಮೇಲೆ ಮತ್ತೆ ಕಟ್ಟಿ 2011ರಲ್ಲಿ ಬಿಡುಗಡೆ ಮಾಡಿದರು. ಎಂಜಿನ್ ತೆರೆದ ಸೋರ್ಸ್, ಆಟದ ಭಾಗಗಳನ್ನು ಲುವಾ ಅನ್ನುವ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಬಹುದು. ಇವತ್ತು ಬೇರೆಯವರಿಗೆ ಅದೇ ಒಂದು ರೆಡಿ ಸಾಧನ.

ಅಂದರೆ ಸ್ವಂತ ಎಂಜಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವ ಆಟಕ್ಕೆ ಅಂತ ಕೈಯಾರೆ ಗೊತ್ತಾದ ಮೇಲೆ ಬರೆಯಿರಿ. ಮೊದಲೇ ಬರೆಯಲು ಕೂತವರು ಆಟಕ್ಕೆ ಬೇಕಾದ್ದನ್ನು ಬಿಟ್ಟು ಎಂಜಿನ್‌ಗೆ ಚಂದ ಕಾಣುವುದನ್ನು ಬರೆಯುತ್ತಾರೆ. ಲೆವೆಲ್ ಎಡಿಟರ್ ಬರೆಯಬೇಕು, ಅದಕ್ಕೊಂದು ಅನ್‌ಡೂ ಬೇಕು, ಫೈಲ್ ಫಾರ್ಮ್ಯಾಟ್ ಬೇಕು. ಅಷ್ಟರವರೆಗೆ ಚಿತ್ರ ಬಿಡಿಸುವ ಗೆಳೆಯ ಏನು ಮಾಡಬೇಕು? ಸ್ಪ್ರೈಟ್‌ಶೀಟ್ ಅವರೇ, ನಿಮ್ಮದು ಇಬ್ಬರ ತಂಡ. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾ ಕೂತರೆ ತಂಡ ಒಡೆಯುತ್ತದೆ. ನನಗೆ ಇದರ ಬಗ್ಗೆಯೇ ಜಾಸ್ತಿ ಕಾಳಜಿ.

ಬಾಡಿಗೆ ಮನೆಯ ಮಾತು ಯೂನಿಟಿಗೆ, ಮುಗೆನ್‌ಗೆ ಸರಿ. ಗೊಡೋಗೆ ಒಪ್ಪೋದಿಲ್ಲ. 2014ರಿಂದ ಅದರ ಸೋರ್ಸ್, ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಎಂಐಟಿ ಲೈಸೆನ್ಸ್ ಅಡಿ ತೆರೆದಿದೆ. ಇವತ್ತು ನಿಮ್ಮ ಹತ್ತಿರ ಇರುವ ಪ್ರತಿಯನ್ನು ನಾಳೆ ಯಾರೂ ಕಿತ್ತುಕೊಳ್ಳಲು ಆಗೋದಿಲ್ಲ.

ರೂಬಿರಸ್ತೆ

ನಾನು ಪೋಕೆಮಾನ್ ಕಡೆಯವಳು. ನಮ್ಮಲ್ಲಿ ಈ ಚರ್ಚೆ ಯಾವತ್ತೋ ಮುಗಿದುಹೋಗಿದೆ, ಎಲ್ಲರೂ ಪೋಕೆಮಾನ್ ಎಸೆನ್ಷಿಯಲ್ಸ್ ತಗೊಳ್ಳುತ್ತಾರೆ. ಆರ್‌ಪಿಜಿ ಮೇಕರ್ ಎಕ್ಸ್‌ಪಿ ಮೇಲೆ ಕೂರುವ ಕಿಟ್ ಅದು. ಕಾಳಗ, ಚೀಲ, ಹಿಡಿದ ಪೋಕೆಮಾನ್ ಇಡುವ ಪೆಟ್ಟಿಗೆ, ಮೊಟ್ಟೆ ಒಡೆಯೋದು, ಎಲ್ಲವೂ ರೂಬಿಯಲ್ಲಿ ಬರೆದು ಇಟ್ಟಿದೆ. ಪೋಕೆಮಾನ್ ಯುರೇನಿಯಂ ಅನ್ನುವ ಫ್ಯಾನ್ ಗೇಮ್ ಮಾಡಿದ್ದೂ ಆರ್‌ಪಿಜಿ ಮೇಕರ್ ಎಕ್ಸ್‌ಪಿಯಲ್ಲೇ. ಒಂಬತ್ತು ವರ್ಷದ ದುಡಿಮೆ, 2016ರ ಆಗಸ್ಟ್‌ನಲ್ಲಿ ಬಂತು.

ಒಂಬತ್ತು ವರ್ಷ ಅನ್ನೋದನ್ನು ಗಮನಿಸಿ. ಕಾಳಗದ ಕೋಡ್ ರೆಡಿ ಇದ್ದೂ ಅಷ್ಟು ವರ್ಷ. ಯಾಕೆ ಅಂದರೆ ಕೆಲಸ ಇರೋದು ನಕ್ಷೆಯಲ್ಲಿ, ಹೊಸ ಪ್ರಾಣಿಗಳಲ್ಲಿ, ಕತೆಯಲ್ಲಿ, ಯಾವ ಊರಲ್ಲಿ ಎದುರಾಳಿ ಎಷ್ಟು ಬಲ ಇರಬೇಕು ಅನ್ನೋದರಲ್ಲಿ. ಎಂಜಿನ್ ಎಷ್ಟೇ ಚೆನ್ನಾಗಿ ಬರೆದರೂ ಈ ಕೆಲಸದಲ್ಲಿ ಒಂದು ಗಂಟೆಯೂ ಉಳಿಯೋದಿಲ್ಲ.

ಕಿಟ್‌ಗೆ ಬೆಲೆಯೂ ಇದೆ, ಅದನ್ನೂ ಹೇಳಬೇಕು. ಎಕ್ಸ್‌ಪಿಯ ಪರದೆ 640 × 480, ವೇಗ ಮಾಮೂಲಿಗೆ ಸೆಕೆಂಡಿಗೆ 40 ಫ್ರೇಮ್. ಹಳೆಯ ರೂಬಿ, ನಕ್ಷೆ ದೊಡ್ಡದಾದರೆ ತಡವರಿಸುತ್ತದೆ. ಈಗ ಎಂಕೆಎಕ್ಸ್‌ಪಿ-ಝಡ್ ಅನ್ನುವ ತೆರೆದ ಸೋರ್ಸ್ ರನ್ನರ್ ಬಂದು ಆ ತೊಂದರೆ ಬಹಳ ತಗ್ಗಿದೆ, ಅದೇ ಆಟ ಲಿನಕ್ಸ್ ಮತ್ತು ಮ್ಯಾಕ್‌ನಲ್ಲೂ ಓಡುತ್ತದೆ. ಇನ್ನೊಂದು ಬೆಲೆ ಅಂದರೆ ಚಹರೆ. ಸಂಭಾಷಣೆಯ ಪೆಟ್ಟಿಗೆ, ಮೆನು, ಬಾಗಿಲು ತೆರೆಯುವ ರೀತಿ ಏನೂ ಬದಲಿಸದೆ ಬಿಟ್ಟರೆ ನಿಮ್ಮ ಆಟ ನೂರು ಆಟಗಳ ನಡುವೆ ಒಂದಾಗಿ ಕಾಣುತ್ತದೆ. ನಾನು ಯಾವ ಕಿಟ್ ಆಟ ತೆರೆದರೂ ಮೊದಲು ನೋಡೋದು ಮೆನುವನ್ನೇ. ಅಲ್ಲಿ ಕೈಯಾಡಿಸಿದ್ದಾರೆ ಅಂದರೆ ಒಳಗೂ ಶ್ರಮ ಇರುತ್ತದೆ.

ಸೋನಿಕ್‌ಗೂ ಇಂಥ ಕಿಟ್‌ಗಳಿವೆ ಅಲ್ವಾ? ಸೋನಿಕ್ ವರ್ಲ್ಡ್ಸ್ ಹೆಸರು ಕೇಳಿದ್ದೇನೆ.

ಹಳೇಕಾರ್ಟ್ರಿಜ್

ಹೌದು, ಸೋನಿಕ್ ವರ್ಲ್ಡ್ಸ್ ಕ್ಲಿಕ್‌ಟೀಮ್ ಸಾಧನದ ಮೇಲೆ ಕಟ್ಟಿದ್ದು, ಎಷ್ಟೋ ಆಟಗಳು ಅದರಿಂದ ಬಂದಿವೆ. ಗೊಡೋಗೂ ಗೇಮ್‌ಮೇಕರ್‌ಗೂ ಅಭಿಮಾನಿಗಳ ಚೌಕಟ್ಟುಗಳಿವೆ. ಸ್ಪ್ರೈಟ್‌ಶೀಟ್ ಅವರಿಗೆ ಕೋಡ್ ಬರೆಯುವ ಹಂಬಲ ಇರೋದರಿಂದ ಓಟದ ಭಾಗವನ್ನು ಅವರೇ ಬರೆಯಲಿ ಅಂದೆ. ಇಲ್ಲದಿದ್ದರೆ ಚೌಕಟ್ಟು ತಗೊಂಡು ನೇರ ಲೆವೆಲ್ ಕಟ್ಟಲು ಕೂರಬಹುದಿತ್ತು.

ಮಲ್ನಾಡ್‌ಮಾಡರ್

ನೀವೆಲ್ಲ ಎರಡೇ ದಾರಿ ಇದೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಮೂರನೆಯದೂ ಇದೆ. ಬೇರೊಂದು ಆಟಕ್ಕಾಗಿ ಬರೆದ ಎಂಜಿನ್ ತಗೊಂಡು ಬಗ್ಗಿಸೋದು. ಫ್ಯಾನ್ ಗೇಮ್‌ಗಳಲ್ಲಿ ದೀರ್ಘಾಯುಷಿಗಳು ಈ ಜಾತಿಯವೇ.

ಸೋನಿಕ್ ರೋಬೋ ಬ್ಲಾಸ್ಟ್ 2 ನೋಡಿ. 1998ರಲ್ಲಿ ಶುರುವಾಗಿದ್ದು, ಇವತ್ತೂ ಜನ ಆಡುತ್ತಾರೆ. 3ಡಿ ಸೋನಿಕ್ ಆಟ, ಆದರೆ ಅಡಿಯಲ್ಲಿರೋದು ಡೂಮ್. ಐಡಿ ಸಾಫ್ಟ್‌ವೇರ್ 1997ರ ಕೊನೆಯಲ್ಲಿ ಡೂಮ್ ಸೋರ್ಸ್ ಬಿಟ್ಟುಕೊಟ್ಟಿತು. ಅದರಿಂದ ಡೂಮ್ ಲೆಗಸಿ ಬಂತು, ಅದನ್ನು ಹಿಡಿದು ಇವರು ಸೋನಿಕ್ ಕಟ್ಟಿದರು. ಬಂದೂಕು ಹಿಡಿದು ಕಾರಿಡಾರ್‌ನಲ್ಲಿ ಓಡುವ ಎಂಜಿನ್‌ನಲ್ಲಿ ಸ್ಪಿನ್ ಡ್ಯಾಶ್! ಆಮೇಲೆ ಲುವಾ ಸೇರಿಸಿದರು, ಹೊರಗಿನವರು ಪಾತ್ರ, ಲೆವೆಲ್ ಮಾಡಿ ಹಾಕತೊಡಗಿದರು. ಅದರ ಮೇಲೇ 2018ರಲ್ಲಿ ಎಸ್‌ಆರ್‌ಬಿ2 ಕಾರ್ಟ್ ಬಂತು. ಆ ಸಾಲಿನಲ್ಲೇ 2024ರಲ್ಲಿ ರಿಂಗ್ ರೇಸರ್ಸ್. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡು ಹೋಗಿದ್ದಾರೆ. ಸೋರ್ಸ್ ತೆರೆದಿದ್ದರಿಂದಲೇ ಇದು ಸಾಧ್ಯವಾಯಿತು.

ಬೀದಿಯಲ್ಲಿ ಸಾಲು ಸಾಲು ಎದುರಾಳಿಗಳನ್ನು ಹೊಡೆಯುತ್ತಾ ಹೋಗುವ ಬೀಟ್ ಎಮ್ ಅಪ್ ಆಟ ಮಾಡುವವರಿಗೆ ಓಪನ್‌ಬೋರ್ ಇದೆ. ಅದೂ ಹೀಗೆಯೇ. ಸ್ಟ್ರೀಟ್ಸ್ ಆಫ್ ರೇಜ್ ಮೇಲಿನ ಪ್ರೀತಿಯಿಂದ ಮಾಡಿದ ಬೀಟ್ಸ್ ಆಫ್ ರೇಜ್ ಅನ್ನುವ ಆಟದ ಹೊಟ್ಟೆಯಿಂದ ಹುಟ್ಟಿದ ಎಂಜಿನ್.

ಹಾಗೆಯೇ ಸೂಪರ್ ಮಾರಿಯೋ ಬ್ರದರ್ಸ್ ಎಕ್ಸ್. ಮಾಡಿದ ಆಂಡ್ರ್ಯೂ ಸ್ಪಿಂಕ್ಸ್ ಮುಂದೆ ಟೆರೇರಿಯಾ ಮಾಡಿದವರು. ಈ ಮಾರಿಯೋ ಆಟ ವಿಷುಯಲ್ ಬೇಸಿಕ್ 6ರಲ್ಲಿತ್ತು! ಅವರು ಬಿಟ್ಟುಹೋದ ಮೇಲೂ ಸಮುದಾಯ ಅದಕ್ಕೆ ಹೊಸ ಜೀವ ಕೊಡುತ್ತಲೇ ಇತ್ತು. 2020ರಲ್ಲಿ ಸೋರ್ಸ್ ಸಿಕ್ಕಾಗ ಅದನ್ನು ಸಿ ಪ್ಲಸ್ ಪ್ಲಸ್‌ಗೆ ತಿರುಗಿಸಿದರು, ಈಗ ದಿಎಕ್ಸ್‌ಟೆಕ್ ಅನ್ನುವ ಹೆಸರಲ್ಲಿ ಇದೆ. ಸ್ವಂತ ಎಂಜಿನ್ ಬರೆಯುವವರು ಇದನ್ನು ನೆನಪಿಡಬೇಕು. ನೀವು ಆಟ ಬಿಟ್ಟುಹೋಗುವ ದಿನ ಬಂದೇ ಬರುತ್ತದೆ. ಅವತ್ತು ಸೋರ್ಸ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಷ್ಟೇ ಇದ್ದರೆ ಆಟವೂ ಅಲ್ಲಿಗೇ ನಿಂತಿತು.

ಕಾನೂನುಕಣ್ಣು

ಇದುವರೆಗೆ ಯಾರೂ ಎತ್ತದ ವಿಷಯ. ಪಾತ್ರದ ಹಕ್ಕು ಇರುವ ಕಂಪನಿಯಿಂದ ಆಟ ತೆಗೆಯಿರಿ ಅಂತ ನೋಟಿಸ್ ಬಂದ ಮರುದಿನ ನಿಮ್ಮ ಕೈಯಲ್ಲಿ ಏನು ಉಳಿದಿರಬೇಕು? ಸಾಧನ ಆರಿಸುವ ಮೊದಲು ಇದನ್ನು ಯೋಚಿಸಿ.

ಎಎಂ2ಆರ್ ಕತೆ ಎಲ್ಲರಿಗೂ ಗೊತ್ತು. ಮೆಟ್ರಾಯ್ಡ್ 2ರ ಮರುಸೃಷ್ಟಿ, ಗೇಮ್‌ಮೇಕರ್‌ನಲ್ಲಿ ಮಾಡಿದ್ದು, 2016ರ ಆಗಸ್ಟ್ 6ಕ್ಕೆ ಬಿಡುಗಡೆ. ಕೆಲವೇ ದಿನಗಳಲ್ಲಿ ನಿಂಟೆಂಡೊ ಕಡೆಯಿಂದ ಕೊಂಡಿಗಳನ್ನು ತೆಗೆಸಿದರು. ಯುರೇನಿಯಂಗೂ ಅದೇ ತಿಂಗಳಲ್ಲಿ ಅದೇ ಗತಿ. ರೂಬಿರಸ್ತೆ ಅವರು ಹೇಳಿದ ಎಸೆನ್ಷಿಯಲ್ಸ್‌ನ ವಿಕಿ 2018ರಲ್ಲಿ ಮುಚ್ಚಿತು. ಅಂದರೆ ಕಿಟ್‌ನಲ್ಲೇ ಕಂಪನಿಯ ಚಿತ್ರ, ಹೆಸರು, ಸದ್ದು ತುಂಬಿದ್ದರೆ ಕಿಟ್ಟೂ ಹೋಗಬಹುದು.

ಸೇಗಾ ಇದರಲ್ಲಿ ಎಷ್ಟೋ ಮೃದು. ಹಾಗಂತ ಅದು ಬರೆದುಕೊಟ್ಟ ಹಕ್ಕಲ್ಲ. 2011ರಲ್ಲಿ ಸ್ಟ್ರೀಟ್ಸ್ ಆಫ್ ರೇಜ್ ರೀಮೇಕ್ ಬಂದಾಗ ಇದೇ ಸೇಗಾ ಅದನ್ನು ತೆಗೆಯಲು ಹೇಳಿತ್ತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಸ್ವಂತ ಅಧ್ಯಯನ, ವಿಮರ್ಶೆ, ವರದಿ ಇಂಥವಕ್ಕೆ ವಿನಾಯಿತಿ ಇದೆ. ಫ್ಯಾನ್ ಗೇಮ್ ಅಂತ ಬೇರೆ ವಿನಾಯಿತಿ ಇಲ್ಲ. "ನಾವು ದುಡ್ಡು ತಗೊಳ್ಳುತ್ತಿಲ್ಲ" ಅನ್ನೋದು ಒಳ್ಳೆಯ ನಡತೆ, ಕಾನೂನಿನ ರಕ್ಷಣೆ ಅಲ್ಲ. ಆದರೂ ದುಡ್ಡು ತಗೊಳ್ಳಬೇಡಿ, ದೇಣಿಗೆಯ ಬಟನ್ ಕೂಡ ಬೇಡ.

ಹಾಗಾಗಿ ಎಂಜಿನ್ ಯಾವುದೇ ಇರಲಿ, ಎರಡು ಭಾಗ ಮಾಡಿ. ನೀವು ಬರೆದ ಕೋಡ್ ಒಂದು ಕಡೆ. ಸೋನಿಕ್‌ನ ಚಿತ್ರ, ಹೆಸರು, ಸಂಗೀತ ಇನ್ನೊಂದು ಫೋಲ್ಡರ್. ಕೋಡ್ ಒಳಗೆ "ಸೋನಿಕ್" ಅಂತ ಬರೆಯುವ ಬದಲು "ಆಟಗಾರ" ಅಂತಿರಲಿ, ರಿಂಗ್ ಬದಲು "ನಾಣ್ಯ". ಫ್ರೀಡಂ ಪ್ಲಾನೆಟ್ ಸೋನಿಕ್ ಫ್ಯಾನ್ ಗೇಮ್ ಆಗಿ ಶುರುವಾಗಿ, ಆಮೇಲೆ ತನ್ನದೇ ಪಾತ್ರಗಳನ್ನು ಹೊತ್ತು 2014ರಲ್ಲಿ ಮಾರಾಟಕ್ಕೇ ಬಂತು. ಆ ಬಾಗಿಲು ನಿಮಗೂ ತೆರೆದಿರಲಿ. ಬೇರೆ ಆಟವನ್ನು ಡೀಕಂಪೈಲ್ ಮಾಡಿ, ಅಂದರೆ ಸಿದ್ಧ ಆಟದ ಫೈಲ್‌ನಿಂದ ಹಿಮ್ಮುಖವಾಗಿ, ತೆಗೆದ ಕೋಡ್ ಮೇಲೆ ಕಟ್ಟಿದರೆ ಈ ಬಾಗಿಲು ಮುಚ್ಚಿದಂತೆಯೇ. ಕಲಿಯಲು ಓದಿ, ಅಡಿಪಾಯಕ್ಕೆ ಬೇಡ.

ಸ್ಪ್ರೈಟ್‌ಶೀಟ್

ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗೆಳೆಯ ಕಾಯುತ್ತಾ ಕೂರಬೇಕಾಗುತ್ತದೆ ಅನ್ನುವ ಮಾತು ನನಗೆ ನಾಟಿತು. ಅವನಿಗೂ ಈ ಚರ್ಚೆ ಕಳಿಸಿದ್ದೇನೆ.

ಒಂದು ಉಳಿಯಿತು, ಕನ್ನಡ ಅಕ್ಷರ. ಎಸ್‌ಡಿಎಲ್‌ನಲ್ಲಿ ಸುಮ್ನೆ ಪ್ರಯತ್ನ ಮಾಡಿದೆ. "ಅಕ್ಕ" ಅಂತ ಕೊಟ್ಟರೆ ಒತ್ತು ಕೆಳಗೆ ಕೂರದೆ "ಅಕ್‌ಕ" ಅಂತ ಬರುತ್ತಿದೆ. ಗೊಡೋದಲ್ಲಿ ಇದು ಸರಿ ಹೋಗುತ್ತದಾ?

ಒತ್ತಕ್ಷರ

ಇದಕ್ಕಾಗಿಯೇ ಲಾಗಿನ್ ಆದೆ. ನನ್ನ ಮಟ್ಟಿಗೆ ಎಂಜಿನ್ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕನ್ನಡದಲ್ಲಿ ಆಟ ಮಾಡಹೊರಟವರು ಕೊನೆಗೆ ಕೇಳಿಕೊಂಡು, ಆಮೇಲೆ ಇಂಗ್ಲಿಷ್‌ಗೆ ಹೋಗಿಬಿಡುತ್ತಾರೆ. ಹಾಗಾಗಬಾರದು.

ಅಕ್ಷರ ಒಡೆಯೋದು ಯಾಕೆ ಅಂದರೆ, ಬಹಳ ಎಂಜಿನ್‌ಗಳು ಒಂದು ಕೋಡ್‌ಗೆ ಒಂದು ಚಿತ್ರ ಅಂತ ಅಂಟಿಸುತ್ತಾ ಹೋಗುತ್ತವೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡದ "ಸ್ತ್ರೀ" ಒಳಗೆ ಆರು ಕೋಡ್‌ಗಳಿವೆ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಈಕಾರ. ಆರನ್ನೂ ಒಟ್ಟಿಗೆ ನೋಡಿ, ಫಾಂಟ್‌ನ ನಿಯಮ ಓದಿ, ಯಾವ ಆಕಾರ ಎಲ್ಲಿ ಕೂರಬೇಕು ಅಂತ ಯಾರಾದರೂ ಹೇಳಬೇಕು. ಆ ಕೆಲಸ ಮಾಡುವ ಲೈಬ್ರರಿ ಹಾರ್ಫ್‌ಬಝ್. ಅದನ್ನು ನೀವೇ ಬರೆಯುವ ಯೋಚನೆ ಮಾಡಲೇಬೇಡಿ. ಸ್ವಂತ ಎಂಜಿನ್ ಬರೆದರೂ ಇದನ್ನು ತಂದು ಸೇರಿಸಿ. ಎಸ್‌ಡಿಎಲ್‌ನ ಟಿಟಿಎಫ್ ಲೈಬ್ರರಿಯ ಈಚಿನ ಆವೃತ್ತಿಗಳನ್ನು ಹಾರ್ಫ್‌ಬಝ್ ಸೇರಿಸಿ ಬಿಲ್ಡ್ ಮಾಡಬಹುದು. ನಿಮ್ಮದು ಬಹುಶಃ ಅದಿಲ್ಲದ ಬಿಲ್ಡ್.

ಗೊಡೋ 3ರಲ್ಲಿ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0ರಲ್ಲಿ ಹಾರ್ಫ್‌ಬಝ್ ಒಳಗೇ ಸೇರಿದೆ. ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಎಳೆದು ಹಾಕಿ, ಲೇಬಲ್‌ನಲ್ಲಿ ಕನ್ನಡ ಬರೆಯಿರಿ, ಒತ್ತು ಒತ್ತಿನ ಜಾಗದಲ್ಲಿ ಕೂರುತ್ತದೆ. ಎರಡೂ ಫಾಂಟ್ ತೆರೆದ ಲೈಸೆನ್ಸ್‌ನವು, ಆಟದ ಜೊತೆ ಹಂಚಬಹುದು.

ಆದರೆ ಎರಡು ಕಡೆ ಎಚ್ಚರ ಬೇಕು. ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಮಾಡುತ್ತೀರಲ್ಲ, ಅಲ್ಲಿ ಕೋಡ್ ಲೆಕ್ಕದಲ್ಲಿ ಕತ್ತರಿಸಿದರೆ ಮೊದಲು "ಸ" ಬಂದು, ಮರುಕ್ಷಣ "ಸ್" ಆಗಿ, ಆಮೇಲೆ "ಸ್ತ" ಆಗಿ ಕುಣಿಯುತ್ತದೆ. ಓದುವವರಿಗೆ ಕಣ್ಣು ನೋವು. ಗೊಡೋ 4ರ ರಿಚ್‌ಟೆಕ್ಸ್ಟ್‌ಲೇಬಲ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನುವ ಆಯ್ಕೆ ಇದೆ. ಅದನ್ನು ಶೇಪಿಂಗ್ (ಅಕ್ಷರಗಳ ಆಕಾರ ಜೋಡಿಸೋದು) ಆದ ನಂತರ ಅಂತ ಇಡಿ. ಆಗ ಸಾಲು ಮೊದಲೇ ಜೋಡಣೆಯಾಗಿರುತ್ತದೆ, ತೋರಿಸೋದು ಮಾತ್ರ ಸ್ವಲ್ಪ ಸ್ವಲ್ಪ.

ಎರಡನೆಯದು ಪರದೆಯ ಅಳತೆ. ಮೆಗಾ ಡ್ರೈವ್ ಥರ 320 × 224ರಲ್ಲಿ ಆಟ ಓಡಿಸುತ್ತೀರಿ ಅಂದುಕೊಳ್ಳುತ್ತೇನೆ. ಅಷ್ಟರಲ್ಲೇ ಕನ್ನಡ ಬರೆದರೆ ಒತ್ತಕ್ಷರ ನಾಲ್ಕಾರು ಪಿಕ್ಸೆಲ್‌ನಲ್ಲಿ ಮುದ್ದೆಯಾಗುತ್ತದೆ. "ಕ್ಷ್ಮ" ಓದಲು ಆಗೋದಿಲ್ಲ. ಇಂಗ್ಲಿಷ್‌ಗೆ 8 ಪಿಕ್ಸೆಲ್ ಎತ್ತರ ಸಾಕು, ನಮಗೆ ಮೇಲೆ ಗುಣಿತಕ್ಕೆ, ಕೆಳಗೆ ಒತ್ತಿಗೆ ಜಾಗ ಬೇಕು. ಆಟವನ್ನು 320 × 224ರ ಸಬ್‌ವ್ಯೂಪೋರ್ಟ್‌ನಲ್ಲಿ, ಅಂದರೆ ಪರದೆಯೊಳಗಿನ ಪುಟ್ಟ ಪರದೆಯಲ್ಲಿ, ಇಡಿ. ಸಂಭಾಷಣೆಯ ಪೆಟ್ಟಿಗೆಯನ್ನು ಅದರ ಹೊರಗೆ, ವಿಂಡೋದ ಪೂರ್ತಿ ಅಳತೆಯಲ್ಲಿ ಬಿಡಿಸಿ. ಪಿಕ್ಸೆಲ್ ಚಿತ್ರ ಪಿಕ್ಸೆಲ್ ಆಗಿಯೇ ಉಳಿಯುತ್ತದೆ, ಅಕ್ಷರ ನುಣುಪಾಗಿ ಬರುತ್ತದೆ.

ಹಾರ್ಫ್‌ಬಝ್ ಇಲ್ಲದ ಎಂಜಿನ್‌ನಲ್ಲಿ ಸಿಕ್ಕಿಕೊಂಡವರಿಗೂ ಒಂದು ದಾರಿ ಇದೆ. ಆಟದ ಎಲ್ಲಾ ಸಂಭಾಷಣೆ ಒಂದು ಫೈಲ್‌ನಲ್ಲಿರಲಿ. ಚಿಕ್ಕ ಸ್ಕ್ರಿಪ್ಟ್ ಬರೆದು ಅದನ್ನು ಅಕ್ಷರಗಳಾಗಿ ಒಡೆಯಿರಿ. ಅರ್ಧಾಕ್ಷರದ ಗುರುತಿನ ನಂತರ ವ್ಯಂಜನ ಬಂದರೆ ಬಿಡಿಸದೆ ಕೂಡಿಸಿಕೊಳ್ಳಿ. ಬೇರೆ ಬೇರೆ ಅಕ್ಷರಗಳ ಪಟ್ಟಿ ಸಿಗುತ್ತದೆ. ಕನ್ನಡದಲ್ಲಿ ಸಾಧ್ಯವಿರುವ ಸಂಯುಕ್ತಗಳು ಸಾವಿರಾರು ಇದ್ದರೂ ನಿಮ್ಮ ಕತೆಯಲ್ಲಿ ಬರುವಷ್ಟೇ ಬೇಕು. ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಒಂದೊಂದನ್ನೂ ಬಿಡಿಸಿ ಒಂದು ದೊಡ್ಡ ಚಿತ್ರವಾಗಿ ಉಳಿಸಿ. ಎಂಜಿನ್‌ಗೆ ಅದು ಬರೀ ಚಿತ್ರಗಳ ಸಾಲು. ಸಂಭಾಷಣೆ ಬದಲಾದರೆ ಸ್ಕ್ರಿಪ್ಟ್ ಮತ್ತೆ ಓಡಿಸಿ.

ಆಟಗಾರನೇ ಹೆಸರು ಟೈಪ್ ಮಾಡುವ ಕಡೆ ಈ ಉಪಾಯ ನಡೆಯೋದಿಲ್ಲ, ಅದೊಂದು ನೆನಪಿರಲಿ.

ಬೈಟ್‌ಬುಟ್ಟಿ

ಒತ್ತಕ್ಷರ ಅವರ ಮಾತು ಓದಿದ ಮೇಲೆ ಈ ಆಟಕ್ಕೆ ಗೊಡೋ 4 ಸರಿ ಅನ್ನಿಸುತ್ತಿದೆ. ಸ್ವಂತ ಎಂಜಿನ್ ಕಲಿಸುವಷ್ಟು ಬೇರೆ ಯಾವುದೂ ಕಲಿಸೋದಿಲ್ಲ ಅನ್ನುವ ನನ್ನ ನಂಬಿಕೆ ಬದಲಾಗಿಲ್ಲ, ಆದರೆ ಇಲ್ಲಿ ಇಬ್ಬರಿದ್ದಾರೆ, ಕನ್ನಡವೂ ಇದೆ.

ಸ್ಪ್ರೈಟ್‌ಶೀಟ್, ನಿಮ್ಮ ಸಿ ಪ್ಲಸ್ ಪ್ಲಸ್ ವ್ಯರ್ಥ ಆಗಬೇಕಿಲ್ಲ. ಓಟದ ಲೆಕ್ಕವನ್ನು ಗೊಡೋಗೆ ಏನೂ ಗೊತ್ತಿಲ್ಲದ ಹಾಗೆ ಒಂದು ಪುಟ್ಟ ಲೈಬ್ರರಿಯಾಗಿ ಬರೆಯಿರಿ. ಒಳಗೆ ಹೋಗೋದು ಒತ್ತಿದ ಬಟನ್ ಮತ್ತು ಸೆನ್ಸರ್ ಕಂಡ ದೂರ, ಕೋನ. ಹೊರಗೆ ಬರೋದು ಹೊಸ ಜಾಗ, ಹೊಸ ವೇಗ. ದಶಾಂಶದ ಬದಲು 256ನೇ ಭಾಗದ ಪೂರ್ಣಾಂಕ ಬಳಸಿದರೆ ಯಾವ ಕಂಪ್ಯೂಟರ್‌ನಲ್ಲೂ ಒಂದೇ ಫಲಿತಾಂಶ ಬರುತ್ತದೆ. ರೀಪ್ಲೇ ಉಳಿಸಲು ಬಟನ್‌ಗಳ ಪಟ್ಟಿ ಸಾಕಾಗುತ್ತದೆ. ಹೊರಗಿನ ಕೋಡ್ ಸೇರಿಸಲು ಗೊಡೋದಲ್ಲಿರುವ ಜಿಡಿಎಕ್ಸ್‌ಟೆನ್ಷನ್ ಮೂಲಕ ಅದನ್ನು ಗೊಡೋಗೆ ಜೋಡಿಸಿ. ನಾಳೆ ಎಸ್‌ಡಿಎಲ್‌ಗೆ ಹೋಗಬೇಕು ಅನ್ನಿಸಿದರೂ ಆ ಲೈಬ್ರರಿ ನಿಮ್ಮ ಜೊತೆ ಬರುತ್ತದೆ.

ಸ್ಪ್ರೈಟ್‌ಶೀಟ್

ಇದು ಇಷ್ಟವಾಯಿತು. ಗೊಡೋ 4, ಓಟದ ಲೈಬ್ರರಿ ನನ್ನದು, ಸೋನಿಕ್‌ಗೆ ಸೇರಿದ್ದೆಲ್ಲ ಬೇರೆ ಫೋಲ್ಡರ್. ಕೋಡನ್ನು ಮೊದಲ ದಿನದಿಂದಲೇ ತೆರೆದಿಡುತ್ತೇವೆ. ಗೆಳೆಯ ಆಗಲೇ ಮೊದಲ ಲೆವೆಲ್‌ನ ಟೈಲ್ ಬಿಡಿಸಲು ಕೂತಿದ್ದಾನೆ.

ಕೊನೆಯದಾಗಿ ಒಂದು. ನೆಲದ ಕೋನ ಎಲ್ಲಿಡೋದು? ರೇಕಾಸ್ಟ್ ಕೊಡುವ ನಾರ್ಮಲ್‌ನಿಂದಲೇ (ಮೇಲ್ಮೈಗೆ ಲಂಬವಾದ ದಿಕ್ಕು) ತೆಗೆದರೆ ಟೈಲ್ ಕೂಡುವ ಕಡೆ ಜಿಗಿಯುತ್ತಿದೆ.

ಹಳೇಕಾರ್ಟ್ರಿಜ್

ನಾರ್ಮಲ್ ಬೇಡ. ಹಳೆಯ ಆಟದಲ್ಲಿ 16 × 16ರ ಪ್ರತಿ ಟೈಲ್‌ಗೂ 16 ಎತ್ತರಗಳ ಪಟ್ಟಿ ಮತ್ತು ಒಂದೇ ಒಂದು ಕೋನ ಇರುತ್ತಿತ್ತು. ಟೈಲ್ ಒಳಗೆ ಎಲ್ಲೇ ನಿಂತರೂ ಅದೇ ಕೋನ. ಗೊಡೋದ ಟೈಲ್‌ಸೆಟ್‌ನಲ್ಲಿ ಕಸ್ಟಮ್ ಡೇಟಾ ಲೇಯರ್ ಸೇರಿಸಬಹುದು. "ಕೋನ" ಅಂತ ಒಂದು ಲೇಯರ್ ಮಾಡಿ, 0ಯಿಂದ 255ರವರೆಗಿನ ಸಂಖ್ಯೆಯನ್ನು ಟೈಲ್‌ಗೊಂದರಂತೆ ತುಂಬಿ. ನಿಮ್ಮ ಗೆಳೆಯರೇ ಚಿತ್ರ ಬಿಡಿಸುತ್ತಾ ತುಂಬಬಹುದು, ಕೋಡ್ ಮುಟ್ಟಬೇಕಿಲ್ಲ. ಸಮತಟ್ಟು ಟೈಲ್‌ಗೆ ಒಂದು ವಿಶೇಷ ಬೆಲೆ ಇಡಿ. ಅದು ಸಿಕ್ಕರೆ ಹತ್ತಿರದ 90 ಡಿಗ್ರಿಗೆ ಹೊಂದಿಸಿಕೊಳ್ಳಬೇಕು ಅಂತ ಕೋಡ್‌ಗೆ ಗೊತ್ತಾಗುತ್ತದೆ.

ಲೂಪ್‌ಗೆ ಡಿಕ್ಕಿಯ ಪದರ ಎರಡು ಬೇಕು. ಒಳಗೆ ಬರುವಾಗ ಒಂದು ಬದಿ, ಹೊರಗೆ ಹೋಗುವಾಗ ಇನ್ನೊಂದು. ಲೂಪ್‌ನ ನೆತ್ತಿಯಲ್ಲಿ ಪಾತ್ರ ದಾಟಿದ್ದನ್ನು ಗುರುತಿಸುವ ಏರಿಯಾ2ಡಿ ಒಂದನ್ನು ಇಟ್ಟು, ಅದನ್ನು ದಾಟಿದಾಗ ಸೆನ್ಸರ್‌ಗಳ ಮಾಸ್ಕ್ (ಯಾವ ಪದರ ನೋಡಬೇಕು ಅನ್ನುವ ಗುರುತು) ಬದಲಿಸಿ. ಎಡದಿಂದ ಬಲಕ್ಕೆ ದಾಟಿದರೆ ಒಂದು, ಬಲದಿಂದ ಎಡಕ್ಕಾದರೆ ಇನ್ನೊಂದು. ಓಟ ನಿಂತ ಮೇಲೆ ಒಂದು ಲೂಪ್, ಒಂದು ಇಳಿಜಾರು ಇರುವ ಪರೀಕ್ಷೆಯ ಲೆವೆಲ್ ಇಲ್ಲಿ ಹಾಕಿ. ನಾವೆಲ್ಲ ಆಡಿ ನೋಡಿ ಹೇಳುತ್ತೇವೆ.